ಕ್ಯಾಂಪಿನ ರಸ್ತೆ, ಖಾನಾಪುರದ ಟ್ರಂಕು

ಬೆಳಗಾವಿಯ ಕ್ಯಾಂಪಿನಲ್ಲಿ ಬೆಳಗಾಗುವುದು ಬೂಟಿನ ಸದ್ದಿನೊಂದಿಗೆ. ಮಬ್ಬು ಹರಿಯುವ ಮೊದಲೇ ಮರಾಠಾ ಲಘು ಪದಾತಿ ದಳದ ತರಬೇತಿ ಕೇಂದ್ರದ ಹುಡುಗರು ಸಾಲು ಕಟ್ಟಿ ಓಡುತ್ತಾರೆ. ಮುಂದೊಬ್ಬ ಉಸ್ತಾದ್, ಹಿಂದೆ ತಲೆ ನುಣ್ಣಗೆ ಬೋಳಿಸಿದ ಹದಿನೆಂಟು ಹತ್ತೊಂಬತ್ತರ ಪೋರರು. ಮಳೆಗಾಲವಾದರೆ ಮೊಣಕಾಲಿನವರೆಗೂ ಕೆಂಪು ಕೆಸರು. 1768ರಲ್ಲಿ ಹುಟ್ಟಿದ ರೆಜಿಮೆಂಟಿಗೆ 1922ರಿಂದ ಈ ಊರೇ ತವರು. ಹೆಂಚಿನ ಹಳೆಯ ಬಂಗಲೆಗಳು, ರಸ್ತೆಗುಂಟ ಸುಣ್ಣ ಬಳಿದ ಕಲ್ಲುಗಳು, ಮಿಲಿಟರಿ ಮಹಾದೇವ ಗುಡಿಯ ಗಂಟೆ, ಅದರಾಚೆ ಪರೇಡ್ ಮೈದಾನದ ಕೂಗು. ಊರವರಿಗೆ ಇದೆಲ್ಲ ಎಷ್ಟು ರೂಢಿಯೆಂದರೆ, ಹಾಲು ತರಲು ಹೊರಟವರು ಓಡುವ ಸಾಲಿಗೆ ದಾರಿ ಬಿಟ್ಟು ನಿಂತು, ಅದು ದಾಟಿದ ಮೇಲೆ ಬಿಟ್ಟ ಮಾತನ್ನು ಅಲ್ಲಿಂದಲೇ ಹಿಡಿಯುತ್ತಾರೆ.

ಹತ್ತು ಗಂಟೆಗೆ ಅದೇ ರಸ್ತೆಗಳಲ್ಲಿ ಬೇರೆಯ ಮಂದಿ ಕಾಣುತ್ತಾರೆ. ಬಸ್ಸಿನಿಂದಲೋ ಟಂಟಂನಿಂದಲೋ ಇಳಿದು ಬಂದವರು. ಇಸ್ತ್ರಿ ಮಾಡಿದ ಅಂಗಿ, ನೀಟಾಗಿ ಕತ್ತರಿಸಿದ ಮೀಸೆ, ಕಂಕುಳಲ್ಲಿ ಪ್ಲಾಸ್ಟಿಕ್ ಚೀಲದೊಳಗಿನ ಫೈಲು. ಒಬ್ಬರು ಕ್ಯಾಂಟೀನಿಗೆ, ಒಬ್ಬರು ಮಾಜಿ ಸೈನಿಕರ ಇಸಿಎಚ್‌ಎಸ್ ದವಾಖಾನೆಗೆ, ಮತ್ತೊಬ್ಬರು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ. ರಾಜ್ಯದಲ್ಲಿ ಮಾಜಿ ಸೈನಿಕರು ಹೆಚ್ಚಿರುವ ಜಿಲ್ಲೆಗಳಲ್ಲಿ ಬೆಳಗಾವಿ ಒಂದು. ಒಂದೊಂದು ಓಣಿಯಲ್ಲಿ ಒಬ್ಬರಾದರೂ ‘ಮಿಲಿಟರಿ ಮಾಮಾ’ ಸಿಗುತ್ತಾರೆ. ಕಚೇರಿಯ ಬೆಂಚಿನ ಮೇಲೆ ಕೂತವರು ಮೊದಲು ಕೇಳಿಕೊಳ್ಳುವುದು ಯಾವ ಪಲ್ಟನ್ ಎಂದು. ಎರಡನೆಯದು ಎಷ್ಟು ಸರ್ವಿಸ್ ಎಂದು. ಮೂರನೆಯ ಪ್ರಶ್ನೆಗೆ ಮಾತ್ರ ದನಿ ತುಸು ತಗ್ಗುತ್ತದೆ.

“ಡಿಸೆಬಿಲಿಟಿ ಆತೇನ್ರಿ?”

“ಎಲ್ಲಿದ್ರಿ. ಕಾಗದ ಮ್ಯಾಲೆ ಹೋಗೇತಿ ಅಂತಾರ.”

‘ಮ್ಯಾಲೆ’ ಎಂದರೆ ಒಂದು ಜಾಗವಲ್ಲ. ಮೊದಲು ಅವರವರ ರೆಜಿಮೆಂಟಿನ ರೆಕಾರ್ಡ್ ಆಫೀಸು. ಅದು ಬೆಳಗಾವಿಯಲ್ಲೇ ಇರಬಹುದು, ಜಬಲ್ಪುರದಲ್ಲೋ ನಾಶಿಕದಲ್ಲೋ ಇರಬಹುದು. ಅಲ್ಲಿಂದ ಪ್ರಯಾಗರಾಜದ ರಕ್ಷಣಾ ಪಿಂಚಣಿ ಲೆಕ್ಕ ಕಚೇರಿ. ದ್ರೌಪದಿ ಘಾಟಿನ ಆ ಕಚೇರಿಯನ್ನು ಹಳಬರು ಇವತ್ತಿಗೂ ‘ಅಲಹಾಬಾದ್’ ಎಂದಷ್ಟೇ ಕರೆಯುತ್ತಾರೆ. ತಕರಾರು ಬಂದರೆ ದೆಹಲಿ. ಅಲ್ಲೂ ಬಗೆಹರಿಯದಿದ್ದರೆ ನ್ಯಾಯಮಂಡಳಿ. ಇಷ್ಟೂ ಕಡೆ ಓಡಾಡುವುದು ಕಾಗದ. ಮನುಷ್ಯ ಖಾನಾಪುರದಲ್ಲಿ ಕೂತಿರುತ್ತಾನೆ.

*

ಬೆಳಗಾವಿಯಿಂದ ಪೀರನವಾಡಿ, ಮಚ್ಛೆ, ಗಣೇಬೈಲಿನ ಟೋಲು ದಾಟಿದರೆ ಖಾನಾಪುರ. ಗೋವಾ ಹೆದ್ದಾರಿ ಊರನ್ನು ಒಂದು ಬದಿಗೆ ಬಿಟ್ಟು ಲೋಂಡಾದತ್ತ ಹೋಗುತ್ತದೆ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಇಲ್ಲಿಗೆ ಬರುವ ಹೊತ್ತಿಗೆ ನದಿಯ ಹೆಸರಿಗೆ ತಕ್ಕ ಅಗಲ ಪಡೆದಿರುತ್ತಾಳೆ. ಇಲ್ಲಿನ ಮಣ್ಣು ಹೆಂಚಿಗೆ, ಗಡಿಗೆಗೆ ಹೇಳಿ ಮಾಡಿಸಿದ್ದು. ಖಾದಿ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಈ ಊರಿಗೆ ಬಂದದ್ದೂ ಅದಕ್ಕೇ. ತಾಲ್ಲೂಕಿನ ಪಡುವಣಕ್ಕೆ ಜಾಂಬೋಟಿ, ಕಣಕುಂಬಿ, ಭೀಮಗಡದ ಕಾಡು. ಅಲ್ಲಿ ಮರಾಠಿ ಮಾತು, ದಟ್ಟ ಮಳೆ. ಮೂಡಣಕ್ಕೆ ಬೀಡಿ, ಇಟಗಿ, ಕಕ್ಕೇರಿ, ಪಾರಿಶ್ವಾಡ. ಅಲ್ಲಿ ಕನ್ನಡ, ಭತ್ತ, ಕಬ್ಬು. ನಡುವೆ ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ಗಲ್ಲಿಗೇರಿಸಿದ ನಂದಗಡ. ಎರಡೂ ಬದಿಯ ಹಳ್ಳಿಗಳಿಂದ ಹುಡುಗರು ಫೌಜಿಗೆ ಹೋಗಿದ್ದಾರೆ, ಹೋಗುತ್ತಲೇ ಇದ್ದಾರೆ.

ಬೀಡಿ ಕಡೆಯ ಹಳ್ಳಿಯೊಂದರ ಪಡಸಾಲೆ. ಗೋಡೆಗೆ ಯೂನಿಫಾರ್ಮಿನಲ್ಲಿ ತೆಗೆಸಿದ ಫೋಟೊ, ಅದರ ಕೆಳಗೆ ಕರಿ ಬಣ್ಣದ ತಗಡಿನ ಟ್ರಂಕು. ಟ್ರಂಕಿನ ಮುಚ್ಚಳದ ಮೇಲೆ ಬಿಳಿ ಪೇಂಟಿನಲ್ಲಿ ನಂಬರು, ರ‍್ಯಾಂಕು, ಹೆಸರು. ‘ಎಲ್’ ಅಕ್ಷರ ಅರ್ಧ ಹೋಗಿದೆ. ಈ ಮನೆಯ ಹವಾಲ್ದಾರ್ ಸಾಹೇಬರು ಕೆಳಗೆ ಕೂರುವುದಿಲ್ಲ, ಕೂರಲಾಗುವುದಿಲ್ಲ. ಕುರ್ಚಿಯ ಮೇಲೆ ಬಲಗಾಲು ಚಾಚಿ ಕೂತು ಮಗನಿಗೆ ಹೇಳುತ್ತಾರೆ. ಮಗ ಟ್ರಂಕು ತೆರೆಯುತ್ತಾನೆ. ಮೇಲೆ ಕೆಂಪು ವಸ್ತ್ರದಲ್ಲಿ ಸುತ್ತಿದ ಪದಕಗಳು. ಅದರಡಿ ಡಿಸ್ಚಾರ್ಜ್ ಬುಕ್. ಅದರಡಿ, ನಾಲ್ಕು ಮಡಿಕೆ ಬಿದ್ದು ಮಡಿಕೆಯ ಗೆರೆಯಲ್ಲೇ ಹರಿದು, ಹಿಂದಿನಿಂದ ಸೆಲ್ಲೋಟೇಪ್ ಹಚ್ಚಿಸಿಕೊಂಡ ವೈದ್ಯಕೀಯ ಮಂಡಳಿಯ ಕಾಗದ. ಟೇಪು ಹಳದಿಯಾಗಿದೆ. ಅದರ ಕೆಳಗಿನ ಅಕ್ಷರ ಮಾತ್ರ ಈಗಲೂ ಓದಬಹುದು: ಮೊಣಕಾಲು, ಬೆನ್ನೆಲುಬಿನ ಕೆಳಭಾಗ, ಅಂಗವೈಕಲ್ಯ ಶೇ 20, ಸೇವೆಯಿಂದ ಉಂಟಾದದ್ದಲ್ಲ, ಸೇವೆಯಿಂದ ಉಲ್ಬಣಗೊಂಡದ್ದೂ ಅಲ್ಲ.

ಈ ಕೊನೆಯ ಸಾಲಿನಲ್ಲಿ ಎಲ್ಲ ಅಡಗಿದೆ. ಸೈನಿಕ ಸೇವೆ ಮುಗಿಸಿ ಹೊರಡುವಾಗ ವೈದ್ಯಕೀಯ ಮಂಡಳಿ ಅವನನ್ನು ಪರೀಕ್ಷಿಸುತ್ತದೆ. ಊನ ಶೇ 20ಕ್ಕಿಂತ ಕಡಿಮೆ ಇರಬಾರದು, ಮತ್ತು ಅದು ಸೇವೆಯಿಂದ ಬಂದದ್ದೆಂದೋ ಸೇವೆಯಿಂದ ಹೆಚ್ಚಾದದ್ದೆಂದೋ ಮಂಡಳಿ ಬರೆಯಬೇಕು. ಎರಡೂ ಕೂಡಿದರಷ್ಟೇ ಅಂಗವೈಕಲ್ಯ ಪಿಂಚಣಿ. ಮಂಡಳಿ ಕಾಲು ಕೆಟ್ಟಿದೆ ಎಂದು ಒಪ್ಪುತ್ತದೆ, ಎಷ್ಟು ಕೆಟ್ಟಿದೆ ಎಂದು ಅಳೆಯುತ್ತದೆ, ಆಮೇಲೆ ಅದು ಫೌಜಿನಲ್ಲಿ ಕೆಟ್ಟದ್ದಲ್ಲ ಎಂದು ಬರೆಯುತ್ತದೆ. ಹದಿನೆಂಟರ ವಯಸ್ಸಿನಲ್ಲಿ ಓಡಿಸಿ, ಹಾರಿಸಿ, ಎದೆ ಅಳೆದು, ಕಣ್ಣು ಕಿವಿ ಹಲ್ಲು ನೋಡಿ ಸೇರಿಸಿಕೊಂಡವರು ಇದೇ ಸೈನ್ಯದ ವೈದ್ಯರು. ಆಗ ಸರಿಯಿದ್ದ ಮೊಣಕಾಲು ಎರಡು ದಶಕದ ನಂತರ ಸರಿಯಿಲ್ಲ. ನಡುವಿನ ಅಷ್ಟೂ ವರ್ಷ ಆ ಮೊಣಕಾಲು ಇದ್ದದ್ದು ಸೈನ್ಯದ ಬೂಟಿನ ಮೇಲೆ.

ಸಾಹೇಬರು ಬಿದ್ದದ್ದು ಹಿಮದ ಪೋಸ್ಟ್ ಒಂದರಲ್ಲಿ, ಬೆನ್ನಿಗೆ ಸೀಮೆಎಣ್ಣೆಯ ಜೆರಿಕ್ಯಾನ್ ಕಟ್ಟಿಕೊಂಡು ಹತ್ತುವಾಗ. ಕಾಲು ಮಂಜಿನ ಬಿರುಕಿಗೆ ಇಳಿದು ಮೈ ಒಂದು ಕಡೆ ತಿರುಗಿತು. ಕೆಳಗಿನ ಎಂಐ ರೂಮಿನಲ್ಲಿ, ಅಂದರೆ ಪಲ್ಟನ್ನಿನ ಪುಟ್ಟ ದವಾಖಾನೆಯಲ್ಲಿ, ಗುಳಿಗೆ ಕೊಟ್ಟರು, ಪಟ್ಟಿ ಸುತ್ತಿದರು, ಕೆಲವು ದಿನ ವಿಶ್ರಾಂತಿ ಬರೆದರು. ಆಮೇಲೆ ಮತ್ತೆ ಡ್ಯೂಟಿ. ಗಾಯವಾದರೆ ಅದರದ್ದೊಂದು ಇಂಜುರಿ ರಿಪೋರ್ಟ್ ತುಂಬಬೇಕು, ಕಮಾಂಡಿಂಗ್ ಆಫೀಸರರ ಸಹಿ ಬೀಳಬೇಕು, ಡ್ಯೂಟಿಯ ಮೇಲೆ ಆದದ್ದೇ ಎಂದು ಅಲ್ಲಿ ಬರೆದಿರಬೇಕು.

“ರಿಪೋರ್ಟ್ ಬರಸ್ರಿ ಅಂತ ಯಾರಿಗೆ ಹೇಳೂದ್ರಿ? ಜೋಡಿದಾರನ ಕಾಲ್ಬೆರಳು ಕರ‍್ರಗಾಗಿದ್ವು. ಅವನ್ನ ಕೆಳಗ ಇಳಸೂದ ನೋಡಿದ್ವಿ. ನಂದೇನು, ಉಳುಕು ಅಂತ ಬಿಟ್ಟೆ.”

ಈ ಭಾಗದ ಜನಕ್ಕೆ ಸಿಯಾಚಿನ್ ಎಂದರೆ ನೆನಪಾಗುವುದು ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ. 2016ರ ಫೆಬ್ರವರಿಯಲ್ಲಿ ಹಿಮದಡಿ ಆರು ದಿನ ಸಿಕ್ಕಿಬಿದ್ದು ಜೀವಸಹಿತ ಹೊರಬಂದ ಅವರಿಗಾಗಿ ಊರೂರಲ್ಲಿ ದೀಪ ಹಚ್ಚಿದರು, ಗುಡಿ ಮಸೀದಿಗಳಲ್ಲಿ ಕೈ ಮುಗಿದರು. ಅವರು ಉಳಿಯಲಿಲ್ಲ. ಆ ದುಃಖ ನಿಜವಾದದ್ದು. ಅದೇ ಹಿಮದಿಂದ ಇಳಿದು ಬಂದು, ಕಿವಿ ಮಂದವಾಗಿ, ಬೆರಳಿನ ಸ್ಪರ್ಶ ಹೋಗಿ, ರಾತ್ರಿ ಬೆಚ್ಚಿ ಏಳುತ್ತ ಬದುಕುತ್ತಿರುವವರ ಮನೆಗೆ ನಾವು ಅಷ್ಟು ಸಲೀಸಾಗಿ ಹೋಗುವುದಿಲ್ಲ. ಅವರ ಕಷ್ಟಕ್ಕೆ ತಾರೀಖು ಇಲ್ಲ, ಮೆರವಣಿಗೆ ಇಲ್ಲ. ಇರುವುದು ಅರ್ಜಿಯ ನಂಬರು.

*

ಮೊತ್ತ ಎಷ್ಟು ಎಂದು ಕೇಳಿದರೆ ಹಲವರಿಗೆ ಆಶ್ಚರ್ಯವಾಗುತ್ತದೆ. ಪೂರ್ಣ ಅಂದರೆ ಶೇ 100 ಊನಕ್ಕೆ ಕೊನೆಯ ಸಂಬಳದ ಶೇ 30. ಲೆಕ್ಕಕ್ಕೆ ಹಿಡಿಯುವ ಸಂಬಳ ರೂ. 40,000 ಎಂದುಕೊಂಡರೆ ರೂ. 12,000. ಶೇ 20 ಊನಕ್ಕೆ ಬರೀ ರೂ. 2,400. ಇದನ್ನು ಮೇಲಕ್ಕೆ ಏರಿಸುವ ಒಂದು ನಿಯಮವಿದೆ. ಶೇ 50ಕ್ಕಿಂತ ಕಡಿಮೆ ಇದ್ದರೆ 50 ಎಂದೂ, 50ರಿಂದ 75 ಇದ್ದರೆ 75 ಎಂದೂ, ಅದಕ್ಕೂ ಮೇಲಿದ್ದರೆ 100 ಎಂದೂ ಹಿಡಿಯುತ್ತಾರೆ. ಆಗ ನಮ್ಮ ರೂ. 2,400 ಹೋಗಿ ರೂ. 6,000 ಆಗುತ್ತದೆ. ಈ ಏರಿಕೆ ಮೊದಲು ಸಿಕ್ಕದ್ದು ಊನದಿಂದಾಗಿ ನಡುವೆಯೇ ಮನೆಗೆ ಕಳಿಸಲ್ಪಟ್ಟವರಿಗೆ ಮಾತ್ರ. ಅವಧಿ ಪೂರ್ತಿ ದುಡಿದು ಊನದೊಂದಿಗೆ ನಿವೃತ್ತರಾದವರಿಗೆ ಇಲ್ಲವೆಂದು ಸರ್ಕಾರ ವಾದಿಸುತ್ತ ಬಂತು. 2014ರ ಡಿಸೆಂಬರಿನಲ್ಲಿ ರಾಮ್ ಅವತಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅವರಿಗೂ ಕೊಡಬೇಕೆಂದಿತು. ನೋವು ತಿಂದುಕೊಂಡೇ ಪೂರ್ತಿ ದುಡಿದವನಿಗೆ ಕಡಿಮೆ ಕೊಡುವುದು ಯಾವ ನ್ಯಾಯ ಎಂಬ ಸರಳ ಪ್ರಶ್ನೆಗೆ ಉತ್ತರ ಬರಲು ಅಷ್ಟು ಕಾಲ ಹಿಡಿಯಿತು.

ಇನ್ನೊಂದು ತೀರ್ಪನ್ನು ಬೆಳಗಾವಿಯ ಬೆಂಚುಗಳ ಮೇಲೆ ಕೂತವರು ಹೆಸರು ಹಿಡಿದು ಹೇಳುತ್ತಾರೆ. ಧರ್ಮವೀರ್ ಸಿಂಗ್ 1985ರಲ್ಲಿ ಸಿಗ್ನಲ್ಸ್ ವಿಭಾಗಕ್ಕೆ ಸೇರಿದ ಜವಾನ. ಮೂರ್ಛೆ ಕಾಯಿಲೆ ಕಾಣಿಸಿಕೊಂಡು 1994ರಲ್ಲಿ ಮನೆಗೆ ಬಂದರು. ಹುಟ್ಟಿನಿಂದಲೇ ಮೈಯಲ್ಲಿದ್ದ ದೋಷ, ಸೇವೆಗೂ ಇದಕ್ಕೂ ಸಂಬಂಧವಿಲ್ಲ ಎಂದು ಮಂಡಳಿ ಬರೆಯಿತು. ಸುಪ್ರೀಂ ಕೋರ್ಟಿನ ತೀರ್ಪು ಅವರ ಪರವಾಗಿ ಬಂದದ್ದು 2013ರ ಜುಲೈಯಲ್ಲಿ. ಸೇರುವಾಗ ಕಾಯಿಲೆ ದಾಖಲಾಗಿರದಿದ್ದರೆ ಆಗ ಆತ ಆರೋಗ್ಯವಂತನಿದ್ದ ಎಂದೇ ತಿಳಿಯಬೇಕು. ಆಮೇಲೆ ಬಂದದ್ದು ಸೇವೆಯಿಂದ ಬಂದದ್ದೆಂದು ಭಾವಿಸಬೇಕು. ಅಲ್ಲವೆನ್ನುವ ಮಂಡಳಿ ಕಾರಣ ಬರೆಯಬೇಕು. ಸಾಬೀತು ಮಾಡುವ ಹೊಣೆ ಸೈನಿಕನ ಮೇಲಿಲ್ಲ. ಅನುಮಾನವಿದ್ದರೆ ಅದರ ಲಾಭ ಅವನಿಗೇ. ಇಷ್ಟೂ ಮಾತು ಈ ಪಿಂಚಣಿಯ 1982ರ ನಿಯಮಗಳಲ್ಲೇ ಇತ್ತು. ನ್ಯಾಯಾಲಯ ಮಾಡಿದ್ದು ಅದನ್ನು ಓದಿ ಹೇಳಿದ್ದು. ಮನೆಗೆ ಬಂದ ಹತ್ತೊಂಬತ್ತು ವರ್ಷದ ಮೇಲೆ.

ತೀರ್ಪು ಬಂದ ಮೇಲೆ ಅದೇ ರೀತಿಯ ಉಳಿದ ಅರ್ಜಿಗಳೆಲ್ಲ ತಾವಾಗಿ ಸರಿಯಾಗಬೇಕಲ್ಲವೇ? ಹಾಗಾಗಲಿಲ್ಲ. ಒಬ್ಬೊಬ್ಬರೂ ತಮ್ಮ ತಮ್ಮ ತೀರ್ಪನ್ನು ತಾವೇ ತಂದುಕೊಳ್ಳಬೇಕಾಯಿತು. ನೆರೆಯ ಗೋವಾದವರಾದ ಮನೋಹರ ಪರಿಕ್ಕರ್ ರಕ್ಷಣಾ ಸಚಿವರಾಗಿದ್ದಾಗ, 2015ರಲ್ಲಿ, ಸೈನಿಕರೊಂದಿಗೆ ಸಚಿವಾಲಯವೇ ನಡೆಸುತ್ತಿದ್ದ ವ್ಯಾಜ್ಯಗಳನ್ನು ತಗ್ಗಿಸುವ ದಾರಿ ಹೇಳಲು ತಜ್ಞರ ಸಮಿತಿ ಮಾಡಿದರು. ತೀರ್ಮಾನವಾಗಿ ಹೋದ ವಿಷಯದ ಮೇಲೆ ಅಂಗವಿಕಲ ಸೈನಿಕರ ವಿರುದ್ಧ ಮೇಲ್ಮನವಿ ಹೋಗುವುದನ್ನು ಬಿಡಿ ಎಂದು ಆ ಸಮಿತಿ ಹೇಳಿತು. ಮೇಲ್ಮನವಿಗಳು ನಿಲ್ಲಲಿಲ್ಲ. 2025ರಲ್ಲಿ ದೆಹಲಿ ಹೈಕೋರ್ಟ್ ಕೇಂದ್ರದ ಇಂಥ ಅರ್ಜಿಗಳ ದೊಡ್ಡ ಗೊಂಚಲನ್ನೇ ಒಮ್ಮೆಲೇ ತಳ್ಳಿಹಾಕಿತು. ಆ ಗೊಂಚಲಿನ ಒಂದೊಂದು ಅರ್ಜಿಯ ತುದಿಗೂ ನ್ಯಾಯಮಂಡಳಿಯಲ್ಲಿ ಗೆದ್ದ ಮೇಲೂ ಕಾಯುತ್ತಿದ್ದ ಒಬ್ಬ ಮನುಷ್ಯನಿದ್ದ ಎಂಬುದು ನನ್ನನ್ನು ತೀರಾ ಕಾಡುತ್ತದೆ.

ಎದುರು ಪಕ್ಷದಲ್ಲೂ ಒಂದು ಮಾತಿದೆ, ಅದನ್ನು ಬಿಡಬಾರದು. 2023ರಲ್ಲಿ ಮಹಾಲೇಖಪಾಲರ ವರದಿ, ನಿವೃತ್ತರಾಗುವ ಅಧಿಕಾರಿಗಳಲ್ಲಿ ಶೇ 36ರಿಂದ 40ರಷ್ಟು ಮಂದಿಗೆ ಅಂಗವೈಕಲ್ಯ ಪಿಂಚಣಿ ಮಂಜೂರಾಗುತ್ತಿದೆಯೆಂದು ತೋರಿಸಿತು. ರಕ್ತದೊತ್ತಡ, ಸಕ್ಕರೆ ಕಾಯಿಲೆಯಂಥವೇ ಅದರಲ್ಲಿ ಬಹಳ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಹೊಸ ನಿಯಮಗಳು ಬಂದವು, ಬಿಗಿಯಾದವು. ಆದರೆ ಅದೇ ವರದಿಯಲ್ಲಿ ಜವಾನರು, ಹವಾಲ್ದಾರರು, ಸುಬೇದಾರರ ಲೆಕ್ಕ ಶೇ 15ರಿಂದ 18. ಅರ್ಧಕ್ಕೂ ಕಡಿಮೆ. ಹಿಮದಲ್ಲಿ ಜೆರಿಕ್ಯಾನ್ ಹೊತ್ತವರು ಯಾರು, ಕಂದಕ ತೋಡಿದವರು ಯಾರು ಎಂದು ಬಲ್ಲ ಯಾರಿಗಾದರೂ ಈ ಎರಡು ಅಂಕಿಗಳ ನಡುವಿನ ಅಂತರ ನೋಯಿಸಬೇಕು. ಕಾಗದದ ದಾರಿ ಗೊತ್ತಿದ್ದವರಿಗೆ ಕಾಗದ ಸಿಗುತ್ತದೆ. ದಾರಿ ಬಿಗಿ ಮಾಡಿದರೆ ಮೊದಲು ಹೊರಗುಳಿಯುವವರು ಬೀಡಿಯವರು, ಜಾಂಬೋಟಿಯವರು.

*

ಭೀಮಗಡದ ಕಾಡಿನೊಳಗೆ ಹೋದರೆ ಆಮಗಾಂವ್, ಗವಾಳಿ, ಪಾಸ್ತೋಳಿಯಂಥ ಊರುಗಳು. ಮಳೆಗಾಲದಲ್ಲಿ ಹಳ್ಳ ಏರಿದರೆ ಹೊರಲೋಕದ ದಾರಿ ಕಡಿಯುತ್ತದೆ. ಕಾಯಿಲೆಯಾದವರನ್ನು ಡೋಲಿ ಕಟ್ಟಿ ಹೊತ್ತು ತರುವ ಸುದ್ದಿ ಪ್ರತಿ ಮಳೆಗಾಲಕ್ಕೂ ಪತ್ರಿಕೆಯಲ್ಲಿ ಬರುತ್ತದೆ. ಇಂಥ ಸೀಮೆಯ ನಿವೃತ್ತನ ಪಿಂಚಣಿ ಈಗ ‘ಸ್ಪರ್ಶ್’ ಎಂಬ ಕಂಪ್ಯೂಟರ್ ವ್ಯವಸ್ಥೆಯಲ್ಲಿದೆ. ಮೊದಲು ಬ್ಯಾಂಕಿನ ಕೌಂಟರಿನಲ್ಲಿ ನಡೆಯುತ್ತಿದ್ದ ಕೆಲಸ ಈಗ ಪ್ರಯಾಗರಾಜದಿಂದ ನೇರ ಖಾತೆಗೆ. ಒಳ್ಳೆಯದೇ. ನಡುವಿನ ಕೈಗಳು ಕಡಿಮೆಯಾದವು, ಅರ್ಜಿ ಎಲ್ಲಿದೆ ಎಂದು ಪರದೆಯ ಮೇಲೆ ನೋಡಬಹುದು. ನೋಡಲು ಒಟಿಪಿ ಬರಬೇಕು, ಒಟಿಪಿ ಬರಲು ನೆಟ್‌ವರ್ಕ್ ಬೇಕು, ನೆಟ್‌ವರ್ಕಿಗೆ ಗುಡ್ಡ ಹತ್ತಬೇಕು. ಮೊಣಕಾಲು ಹೋದವನು ತನ್ನ ಮೊಣಕಾಲಿನ ಅರ್ಜಿ ನೋಡಲು ಗುಡ್ಡ ಹತ್ತುವುದೆಂದರೆ ಕೇಳಲೇ ಕಷ್ಟವಾಗುತ್ತದೆ. ಹಾಗಾಗಿ ಮೊಬೈಲು ಮೊಮ್ಮಗನ ಕೈಯಲ್ಲಿ, ಪಾಸ್‌ವರ್ಡು ಅಂಗಡಿಯವನ ಚೀಟಿಯಲ್ಲಿ.

ನವೆಂಬರ್ ಬಂತೆಂದರೆ ಖಾನಾಪುರದ ಸೇವಾ ಕೇಂದ್ರಗಳ ಮುಂದೆ ಜೀವಂತ ಪ್ರಮಾಣಪತ್ರಕ್ಕೆ ಸಾಲು. ಬೆರಳಚ್ಚಿನ ಪುಟ್ಟ ಯಂತ್ರ, ಅದರ ಕೆಂಪು ಬೆಳಕು. ಹೊಲದಲ್ಲಿ ದುಡಿದು ಸವೆದ ಹೆಬ್ಬೆರಳನ್ನು ಯಂತ್ರ ಒಪ್ಪುವುದಿಲ್ಲ. ಒರೆಸಿ ಒತ್ತುತ್ತಾರೆ, ತುಸು ಎಣ್ಣೆ ಹಚ್ಚಿ ಒತ್ತುತ್ತಾರೆ, ಬೇರೆ ಬೆರಳು ಇಡುತ್ತಾರೆ.

“ಕಾಕಾ, ಇನ್ನೊಮ್ಮೆ ಜೋರ್ ಒತ್ರಿ.”

“ಎಷ್ಟ್ ಒತ್ಲೋ ತಮ್ಮಾ, ಬಟ್ಟ ಮುರಿಯೂತನಕಾ?”

ಅಂಗಡಿಯ ಹುಡುಗ ತಾಳ್ಮೆಗೆಡುವುದಿಲ್ಲ. ಕಣ್ಣಿನ ಪಾಪೆಯಿಂದ ಆಗುತ್ತದೇನೋ ನೋಡುತ್ತಾನೆ. ಇಂಥ ಹುಡುಗರು, ಸೈನಿಕ ಕಲ್ಯಾಣ ಕಚೇರಿಗಳಲ್ಲಿ ಅರ್ಜಿ ಬರೆದುಕೊಡುವ ಮಾಜಿ ಸೈನಿಕರೇ ಆದ ಸಿಬ್ಬಂದಿ, ಊರಿನ ಮಾಜಿ ಸೈನಿಕರ ಸಂಘದ ಯಾರೋ ಒಬ್ಬ ಸುಬೇದಾರ್ ಸಾಹೇಬರು: ಇವರು ಇಲ್ಲದಿದ್ದರೆ ಈ ತಾಲ್ಲೂಕಿನ ಅರ್ಧ ಅರ್ಜಿಗಳು ಟ್ರಂಕಿನಿಂದ ಹೊರಗೇ ಬರುತ್ತಿರಲಿಲ್ಲವೆಂದು ನನ್ನ ನಂಬಿಕೆ.

ಹೆಂಗಸರ ಪಾಡು ಇನ್ನೂ ಕಠಿಣ. ಅರ್ಜಿ ಹಾಕಿದವನು ಕಾಯುತ್ತಲೇ ತೀರಿಕೊಂಡರೆ ಅವನಿಗೆ ಬರಬೇಕಿದ್ದ ಬಾಕಿ ಹೆಂಡತಿಗೆ ಸೇರಬೇಕು. ಕೋರ್ಟಿನಲ್ಲಿದ್ದರೆ ಅವಳ ಹೆಸರು ಅರ್ಜಿಗೆ ಸೇರಬೇಕು. ಅವಳ ಹೆಸರು ಯಾವುದು ಎಂಬಲ್ಲೇ ಗಂಟು. ಈ ಸೀಮೆಯ ಹಲವು ಮನೆತನಗಳಲ್ಲಿ ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರಡಿ, ಉಂಗುರದಿಂದ ಸೊಸೆಗೆ ಹೊಸ ಹೆಸರು ಬರೆಯುವ ಪದ್ಧತಿ ಇದೆ. ಗಂಡ ಸೈನ್ಯದ ದಾಖಲೆಯಲ್ಲಿ ಬರೆಸಿದ್ದು ಅಕ್ಕಿಯ ಮೇಲಿನ ಹೆಸರು. ಶಾಲೆಯ ದಾಖಲೆಯಲ್ಲಿ ತವರಿನ ಹೆಸರು. ಆಧಾರಿನಲ್ಲಿ ತವರಿನ ಹೆಸರಿಗೆ ಗಂಡನ ಅಡ್ಡಹೆಸರು. ಮರಾಠಿಯಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ ಬರುವಾಗ ಒಂದೆರಡು ಅಕ್ಷರ ಬದಲು. ಗಂಡ ಇರುವಾಗ ಸೈನ್ಯದ ದಾಖಲೆಗೆ ಸೇರುವ ‘ಪಾರ್ಟ್ ಟು ಆರ್ಡರ್’ ಮಾಡಿಸಿ ಹೆಸರು ತಿದ್ದಿಸಿದ್ದರೆ ಸುಸೂತ್ರ. ಮಾಡಿಸಿರುವುದಿಲ್ಲ. ನಂದಗಡದ ಸಂತೆಗೆ ಬಂದ ಒಬ್ಬ ಅವ್ವ ತನ್ನ ಕೈಚೀಲದಿಂದ ಒಂದೊಂದೇ ಕಾಗದ ತೆಗೆದು, ಇದೂ ನಾನs, ಇದೂ ನಾನs, ಇದೂ ನಾನs ಎಂದು ಮೂರು ಹೆಸರು ತೋರಿಸಿದರು. ನೋಟರಿಯ ಅಫಿಡವಿಟ್, ಪತ್ರಿಕೆಯಲ್ಲಿ ಜಾಹೀರಾತು, ತಹಶೀಲ್ದಾರರ ಕಡೆಯಿಂದ ವಾರಸಾ ಪ್ರಮಾಣಪತ್ರ. ಗಂಡನ ಮೊಣಕಾಲು ಫೌಜಿನಲ್ಲಿ ಕೆಟ್ಟಿತೋ ಇಲ್ಲವೋ ಎಂಬ ಪ್ರಶ್ನೆಗೆ ಬರುವ ಮೊದಲು, ತಾನು ಅವನ ಹೆಂಡತಿ ಹೌದೆಂದು ಆಕೆ ತೋರಿಸಬೇಕು.

*

ಮಂಡಳಿ ಇಲ್ಲವೆಂದಾಗ ಮೊದಲ ಮೇಲ್ಮನವಿಗೆ ಆರು ತಿಂಗಳ ಗಡುವು. ಹವಾಲ್ದಾರ್ ಸಾಹೇಬರಿಗೆ ಆ ಗಡುವು ತಿಳಿದದ್ದು ಅದು ಮುಗಿದ ಎಷ್ಟೋ ಕಾಲದ ಮೇಲೆ. ಮೊದಲ ಮೇಲ್ಮನವಿ ಬಿದ್ದರೆ ಎರಡನೆಯದು. ಅದೂ ಬಿದ್ದರೆ 2007ರ ಕಾಯ್ದೆಯಿಂದ ಹುಟ್ಟಿ 2009ರ ಆಗಸ್ಟಿನಲ್ಲಿ ಶುರುವಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಈ ನ್ಯಾಯಮಂಡಳಿಯ ಕಾಯಂ ಪೀಠ ಕರ್ನಾಟಕದಲ್ಲಿಲ್ಲ. ನಮ್ಮ ರಾಜ್ಯ ಕೊಚ್ಚಿಯ ಪೀಠಕ್ಕೆ ಸೇರಿದೆ. ಬೆಳಗಾವಿಯಿಂದ ಪಶ್ಚಿಮಕ್ಕೆ ಸ್ವಲ್ಪ ದೂರ ಹೋದರೆ ಮಹಾರಾಷ್ಟ್ರದ ಚಂದಗಡ ತಾಲ್ಲೂಕು. ಅಲ್ಲಿಯವನಿಗೆ ಮುಂಬಯಿ ಪೀಠ, ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಇಳಿಯಬಹುದು, ಅವನ ಮರಾಠಿ ಅಲ್ಲಿ ನಡೆಯುತ್ತದೆ. ಒಂದೇ ಪಲ್ಟನ್ನಿನಲ್ಲಿ, ಒಂದೇ ಬಂಕರಿನಲ್ಲಿ ಇದ್ದ ಖಾನಾಪುರದವನು ಲೋಂಡಾ, ಮಡಗಾಂವ್, ಮಂಗಳೂರು ಹಾದು ಕೇರಳದ ಅರ್ಧ ಉದ್ದ ದಾಟಬೇಕು. ಬೆಳಗಾವಿಯ ಗಡಿ ಎಂದರೆ ಎಲ್ಲರೂ ಭಾಷೆಯ ಜಗಳವನ್ನೇ ನೆನೆಯುತ್ತಾರೆ. ಅಂಗವಿಕಲ ಸೈನಿಕನ ಪಾಲಿಗೆ ಆ ಗೆರೆ ಇಂಥದ್ದನ್ನೂ ಮಾಡಿದೆ, ಅದನ್ನು ಯಾರಾದರೂ ವೇದಿಕೆಯ ಮೇಲೆ ಎತ್ತಿದ್ದನ್ನು ನಾನು ಕೇಳಿಲ್ಲ. ಬೆಂಗಳೂರಿಗೆ ಕಾಯಂ ಪೀಠ ಕೊಡಿ, ಇಲ್ಲವೇ ವರ್ಷಕ್ಕೆ ಕೆಲವು ದಿನ ಬೆಳಗಾವಿಯಲ್ಲೇ ಕೂರಿ ಎಂದು ಕೇಳುವುದು ಅತಿಯಾಸೆಯಲ್ಲ. ಅಧಿವೇಶನಕ್ಕೆಂದು ಸುವರ್ಣ ವಿಧಾನಸೌಧವನ್ನೇ ಕಟ್ಟಿಸಿಕೊಂಡ ಊರಿದು.

ತಡವಾದದ್ದಕ್ಕೆ ದಂಡ ಯಾರು ಕಟ್ಟುತ್ತಾರೆ? ಸೈನಿಕನೇ. ಸುಪ್ರೀಂ ಕೋರ್ಟಿನ 2008ರ ತರ್ಸೇಮ್ ಸಿಂಗ್ ತೀರ್ಪಿನ ಆಧಾರದ ಮೇಲೆ, ತಡವಾಗಿ ಬಂದ ಎಷ್ಟೋ ಪ್ರಕರಣಗಳಲ್ಲಿ ಹಿಂಬಾಕಿಯನ್ನು ಅರ್ಜಿಗೆ ಹಿಂದಿನ ಮೂರು ವರ್ಷಕ್ಕೆ ಸೀಮಿತಗೊಳಿಸಲಾಗಿದೆ. ಇಪ್ಪತ್ತು ವರ್ಷ ಕಾಲೆಳೆದವನಿಗೆ ಮೂರು ವರ್ಷದ ದುಡ್ಡು. ದಾಖಲೆಗಳಿಗೂ ಆಯಸ್ಸಿದೆ. ಪಿಂಚಣಿ ಇಲ್ಲದೆ ಹೊರಬಿದ್ದವರ ಸೇವಾ ಕಾಗದಗಳನ್ನು 25 ವರ್ಷದ ಮೇಲೆ ನಾಶ ಮಾಡುವುದು ಪದ್ಧತಿ. ಅಷ್ಟು ಕಾಲದ ನಂತರ ಬಂದು ಕೇಳಿದರೆ ಸಿಗುವುದು ಹೆಸರು, ನಂಬರು, ತಾರೀಖು ಇರುವ ಒಂದು ಸಾಲು. ಕಾಗದ ಬರೆದದ್ದು ಸೈನ್ಯ, ಇಟ್ಟುಕೊಂಡದ್ದು ಸೈನ್ಯ, ಸುಟ್ಟದ್ದೂ ಸೈನ್ಯ. ತಾ ಎನ್ನುವುದು ಮಾತ್ರ ಅವನಿಗೆ.

ಬೇರೆ ದೇಶಗಳಲ್ಲಿ ಎಲ್ಲವೂ ಚೆಂದವಾಗಿದೆಯೆಂದಲ್ಲ. ಅಮೆರಿಕದಲ್ಲಿ 2013ರ ಮಾರ್ಚಿನಲ್ಲಿ ಬಾಕಿ ಬಿದ್ದ ಮಾಜಿ ಸೈನಿಕರ ಅರ್ಜಿಗಳು ಆರು ಲಕ್ಷ ದಾಟಿದ್ದವು. ಆದರೆ ಅಲ್ಲಿ ಬಾಕಿ ಎಂದರೆ ಏನೆಂದು ಒಂದು ಗೆರೆ ಎಳೆದಿದ್ದಾರೆ: 125 ದಿನ ದಾಟಿದ ಅರ್ಜಿ ಬಾಕಿ. ಎಷ್ಟಿವೆ ಎಂದು ಆಗಾಗ ಎಣಿಸಿ ಎಲ್ಲರಿಗೂ ಹೇಳುತ್ತಾರೆ, ಪತ್ರಿಕೆಗಳು ಬೈಯುತ್ತವೆ, ಸಂಸತ್ತು ಕೇಳುತ್ತದೆ. 2022ರ ಕಾನೂನೊಂದು, ಯುದ್ಧಭೂಮಿಯ ಕಸ ಸುಡುವ ಗುಂಡಿಗಳ ಹೊಗೆ ಕುಡಿದವರಿಗೆ ಪಟ್ಟಿಯಲ್ಲಿರುವ ಕಾಯಿಲೆ ಬಂದರೆ ಅದು ಸೇವೆಯದ್ದೇ ಎಂದು ಒಪ್ಪಿಕೊಂಡಿತು, ಸಾಬೀತು ಕೇಳುವುದಿಲ್ಲ ಎಂದಿತು. ನಮ್ಮ 1982ರ ನಿಯಮದ ಹೃದಯವೂ ಅದೇ ಆಗಿತ್ತಲ್ಲ. ಬೀಡಿಯ ಮನೆಯಲ್ಲಿ ಕೂತ ಸಾಹೇಬರಿಗೆ ತಮ್ಮ ಅರ್ಜಿ ಸಾಲಿನಲ್ಲಿ ಎಷ್ಟನೆಯದು, ಯಾವ ತಾರೀಖಿನೊಳಗೆ ಉತ್ತರ ಬರುತ್ತದೆ ಎಂದು ಯಾರಾದರೂ ಹೇಳಿದ್ದರೆ, ಅಷ್ಟೇ ಎಷ್ಟೋ ಸಮಾಧಾನ.

*

ಖಾನಾಪುರದ ಬಸ್ ನಿಲ್ದಾಣದ ಎದುರಿನ ಚಹಾದಂಗಡಿ. ಸಂಜೆಯ ಬಸ್ಸಿಗೆ ಇನ್ನೂ ಹೊತ್ತಿದೆ. ಮೂಲೆಯ ಬೆಂಚಿನಲ್ಲಿ ಒಬ್ಬ ನಿವೃತ್ತ ಸುಬೇದಾರ್ ಸಾಹೇಬರು, ಎದುರಿಗೆ ರಜೆಯ ಮೇಲೆ ಬಂದ ಅಗ್ನಿವೀರ. ಇವನಂಥವರಿಗೆ ಪಿಂಚಣಿಯ ಮಾತೇ ಇಲ್ಲ. ನಾಲ್ಕು ವರ್ಷ, ನಾಲ್ವರಲ್ಲಿ ಒಬ್ಬ ಉಳಿದಾನು. ಊನವಾದರೆ ಒಂದು ಗಂಟು ಪರಿಹಾರ: ಶೇ 100 ಆದರೆ ರೂ. 44 ಲಕ್ಷ, 75 ಆದರೆ 25 ಲಕ್ಷ, 50 ಆದರೆ 15 ಲಕ್ಷ. ಅದಕ್ಕೂ ಷರತ್ತು ಅದೇ ಹಳೆಯದು, ಸೇವೆಯಿಂದಲೇ ಆದದ್ದೆಂದು ಸೈನ್ಯ ಒಪ್ಪಬೇಕು. ಮೊದಲ ತಂಡದವರ ನಾಲ್ಕು ವರ್ಷ ತುಂಬುವುದು 2026ರ ಕೊನೆ, 2027ರ ಮೊದಲಿಗೆ. ಹುಡುಗನ ಎಡಗೈ ಮಣಿಕಟ್ಟಿಗೆ ಕ್ರೇಪ್ ಬ್ಯಾಂಡೇಜ್ ಇದೆ.

“ಏನಾತೋ ತಮ್ಮಾ ಇದು?”

“ಏನಿಲ್ರಿ ಸಾಹೇಬ್ರ. ಅಬ್‌ಸ್ಟಕಲ್ ಮ್ಯಾಲಿಂದ ಬಿದ್ದೆ. ಕಮ್ಮಿ ಆಗೇತಿ.”

“ಇಂಜುರಿ ರಿಪೋರ್ಟ್ ಆತೇನು?”

“ಇಲ್ರಿ. ಎಂಐ ರೂಮ್‌ನ್ಯಾಗ ಪಟ್ಟಿ ಹಾಕಿದ್ರು.”

ಸಾಹೇಬರು ಚಹಾದ ಕಪ್ಪು ಕೆಳಗಿಟ್ಟರು. ಎಂಐ ರೂಮಿನ ಚೀಟಿ ಇದೆಯೇ, ತಾರೀಖು ನೆನಪಿದೆಯೇ, ಆ ಹೊತ್ತಿಗೆ ಪಕ್ಕದಲ್ಲಿ ಯಾರಿದ್ದರು, ಕಂಪನಿ ಕ್ಲಾರ್ಕ್ ಯಾರು ಎಂದು ಒಂದೊಂದಾಗಿ ಕೇಳಿದರು. ಹುಡುಗ ನಾಚಿಕೊಂಡ, ಇಷ್ಟು ಸಣ್ಣದಕ್ಕೆ ರಿಪೋರ್ಟ್ ಬರೆಸಿದರೆ ಉಳಿದವರು ನಕ್ಕಾರು ಎಂದ. ನಾಲ್ಕು ವರ್ಷದ ಮೇಲೆ ಉಳಿಸಿಕೊಳ್ಳುವವರ ಪಟ್ಟಿಯಿಂದ ಹೆಸರು ಹೋದೀತೆಂಬ ಅಂಜಿಕೆಯೂ ಇತ್ತು, ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ. ಸಾಹೇಬರು ಬಿಡಲಿಲ್ಲ. ಚೀಟಿಯ ಫೋಟೊ ತೆಗೆದಿಡು, ಒಂದು ಪ್ರತಿ ಮನೆಗೆ ಕಳಿಸು, ಮರಳಿ ಹೋದ ದಿನವೇ ರಿಪೋರ್ಟಿನ ಮಾತು ಎತ್ತು, ಪಾರ್ಟ್ ಟು ಆರ್ಡರಿನ ನಂಬರು ಸಿಗುವತನಕ ಕೇಳುತ್ತಲೇ ಇರು ಎಂದರು. ಹುಡುಗ ಫೋನು ತೆಗೆದು, ಬಲಗೈ ಹೆಬ್ಬೆರಳಿನಿಂದ ಕಂಪನಿ ಕ್ಲಾರ್ಕಿಗೆ ಮೆಸೇಜ್ ಬರೆಯತೊಡಗಿದ. ತಾರೀಖು ಸರಿಯಾಗಿ ಹಾಕಿದ್ದಾನೋ ಇಲ್ಲವೋ ಎಂದು ಸಾಹೇಬರು ಕನ್ನಡಕ ಏರಿಸಿ ಬಗ್ಗಿ ನೋಡಿದರು, ಗಾಯವಾದ ಜಾಗದ ಹೆಸರನ್ನೂ ಬರೆಯಿಸಿದರು.